ಲಿವರ್‌ನಲ್ಲಿ ದೊಡ್ಡ ಸಿಸ್ಟ್: ಸೂಜಿ ಸಾಕೇ, ಆಪರೇಷನ್ ಬೇಕೇ, ಸುಮ್ಮನಿದ್ದರೆ ಆಗದೇ?

ಹೊಟ್ಟೆನೋವೆಂದೋ, ಕಿಡ್ನಿ ಕಲ್ಲಿನ ಅನುಮಾನವೆಂದೋ, ಹೆಲ್ತ್ ಚೆಕಪ್ ಎಂದೋ ಸ್ಕ್ಯಾನಿಂಗ್ ಮಾಡಿಸುತ್ತೀರಿ. ಹುಡುಕಿದ್ದು ಸಿಗುವುದಿಲ್ಲ. ಬದಲಿಗೆ ರಿಪೋರ್ಟಿನಲ್ಲಿ ‘ಲಿವರ್‌ನಲ್ಲಿ ಸಿಸ್ಟ್’ ಎಂಬ ಒಂದು ಸಾಲು, ಅದರ ಪಕ್ಕದಲ್ಲಿ ಸೆಂಟಿಮೀಟರ್ ಲೆಕ್ಕ. ಸಂಜೆಯೊಳಗೆ ಆ ರಿಪೋರ್ಟಿನ ಫೋಟೊ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಒಬ್ಬರು “ಗಡ್ಡೆ ಅಂದ್ರೆ ಕ್ಯಾನ್ಸರ್ ಇರಬಹುದು, ತಡ ಮಾಡಬೇಡಿ” ಎನ್ನುತ್ತಾರೆ. ಇನ್ನೊಬ್ಬರು “ಸೂಜಿ ಹಾಕಿ ನೀರು ತೆಗೆಸಿ, ಅಷ್ಟೇ” ಎನ್ನುತ್ತಾರೆ. ಮತ್ತೊಬ್ಬರು ಏಳು ದಿನದಲ್ಲಿ ಸಿಸ್ಟ್ ಕರಗಿಸುವ ಕಷಾಯದ ವಿಡಿಯೊ ಫಾರ್ವರ್ಡ್ ಮಾಡುತ್ತಾರೆ.

ಈ ಮೂರೂ ಸಲಹೆಗಳಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ: ಅದು ಯಾವ ಬಗೆಯ ಸಿಸ್ಟ್? ಲಿವರ್ ಸಿಸ್ಟ್‌ಗೆ ಇಂದು ಹೊಟ್ಟೆ ದೊಡ್ಡದಾಗಿ ಕೊಯ್ಯದೆಯೇ ಒಳ್ಳೆಯ ಚಿಕಿತ್ಸೆಗಳಿವೆ. ಆದರೆ ಒಂದು ಬಗೆಗೆ ಸರಿಯಾದ ಚಿಕಿತ್ಸೆ ಇನ್ನೊಂದು ಬಗೆಗೆ ಅಪಾಯ ತರಬಹುದು. ಬಹಳಷ್ಟು ಜನರಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಇದನ್ನು ಒಂದೊಂದಾಗಿ ನೋಡೋಣ.

ಸಿಸ್ಟ್ ಎಂದರೆ ಗಡ್ಡೆಯೇ?

ಗೊಂದಲ ಶುರುವಾಗುವುದು ಪದದಿಂದಲೇ. ಕನ್ನಡದಲ್ಲಿ ಸಿಸ್ಟ್, ಟ್ಯೂಮರ್ ಎರಡನ್ನೂ ನಾವು ‘ಗಡ್ಡೆ’ ಎಂದುಬಿಡುತ್ತೇವೆ. ಎರಡೂ ಒಂದೇ ಅಲ್ಲ. ಟ್ಯೂಮರ್‌ನಲ್ಲಿ ಜೀವಕೋಶಗಳು ಒಟ್ಟೊಟ್ಟಾಗಿ ಬೆಳೆದಿರುತ್ತವೆ. ಸಿಸ್ಟ್ ಎಂದರೆ ತೆಳುವಾದ ಪೊರೆಯ ಒಂದು ಚೀಲ, ಒಳಗೆ ದ್ರವ. ‘ನೀರಿನ ಚೀಲ’ ಎಂದರೆ ಹೆಚ್ಚು ಸರಿ.

ಲಿವರ್‌ನಲ್ಲಿ, ಅಂದರೆ ಯಕೃತ್ತಿನಲ್ಲಿ, ಅತಿ ಸಾಮಾನ್ಯವಾಗಿ ಕಾಣುವುದು ‘ಸರಳ ಸಿಸ್ಟ್’. ನಾವು ಹುಟ್ಟುವ ಮೊದಲೇ, ಪಿತ್ತನಾಳಗಳು ರೂಪುಗೊಳ್ಳುವಾಗ, ಮುಖ್ಯ ನಾಳಕ್ಕೆ ಸೇರದೆ ಉಳಿದುಬಿಟ್ಟ ಸಣ್ಣ ತುಣುಕುಗಳಿಂದ ಇವು ಬೆಳೆಯುತ್ತವೆ ಎಂದು ವೈದ್ಯವಿಜ್ಞಾನ ಹೇಳುತ್ತದೆ. ಆ ತುಣುಕಿನ ಒಳಪೊರೆ ಸ್ವಲ್ಪಸ್ವಲ್ಪವೇ ದ್ರವ ಸುರಿಸುತ್ತದೆ, ಹೊರಹೋಗಲು ದಾರಿಯಿಲ್ಲ, ಹಾಗಾಗಿ ವರ್ಷಗಳ ಕಾಲ ಮೆಲ್ಲಗೆ ಊದಿಕೊಳ್ಳುತ್ತದೆ. ವಯಸ್ಸಾದಂತೆ ಇವು ಹೆಚ್ಚು ಕಾಣುತ್ತವೆ. ದೊಡ್ಡದಾಗಿ ತೊಂದರೆ ಕೊಡುವಂಥವು ಹೆಂಗಸರಲ್ಲಿ ಹೆಚ್ಚು.

ಅಂದರೆ ಸರಳ ಸಿಸ್ಟ್ ಕುಡಿತದಿಂದ ಬಂದದ್ದಲ್ಲ, ಫ್ಯಾಟಿ ಲಿವರ್‌ನಿಂದಲೂ ಅಲ್ಲ, ಹೋಟೆಲ್ ಊಟದಿಂದಲೂ ಅಲ್ಲ. ಅದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಲಿವರ್‌ನ ಕೆಲಸಕ್ಕೂ ಅದರಿಂದ ಅಡ್ಡಿಯಾಗುವುದಿಲ್ಲ. ಸಿಸ್ಟ್ ದೊಡ್ಡದಿದ್ದರೂ ರಕ್ತಪರೀಕ್ಷೆಯ ವರದಿ ಬಹುಪಾಲು ಜನರಲ್ಲಿ ಸರಿಯಾಗಿಯೇ ಇರುತ್ತದೆ.

‘ದೊಡ್ಡದು’ ಎಂದರೆ ಎಷ್ಟು?

ಸೆಂಟಿಮೀಟರ್ ಲೆಕ್ಕ ನಮ್ಮನ್ನು ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಮೊದಲನೆಯದು, ಅಗಲ ಸ್ವಲ್ಪ ಹೆಚ್ಚಿದರೂ ಒಳಗಿನ ದ್ರವ ಬಹಳ ಹೆಚ್ಚುತ್ತದೆ. ಚೆಂಡಿನಂತೆ ಗುಂಡಗಿರುವ 5 ಸೆಂ.ಮೀ. ಸಿಸ್ಟ್‌ನಲ್ಲಿ ಸುಮಾರು 65 ಮಿ.ಲೀ. ದ್ರವ ಇರುತ್ತದೆ. 10 ಸೆಂ.ಮೀ. ಆದರೆ ಅರ್ಧ ಲೀಟರ್‌ಗಿಂತ ತುಸು ಹೆಚ್ಚು. 15 ಸೆಂ.ಮೀ. ಆದರೆ ಸುಮಾರು ಒಂದೂಮುಕ್ಕಾಲು ಲೀಟರ್. ದೊಡ್ಡವರ ಲಿವರ್‌ನ ತೂಕವೇ ಸುಮಾರು ಒಂದೂವರೆ ಕಿಲೋ ಎಂಬುದನ್ನು ನೆನೆದರೆ, ಹೊಟ್ಟೆಯೊಳಗೆ ಅದೆಷ್ಟು ಜಾಗ ಹಿಡಿಯುತ್ತದೆ ಎಂದು ತಿಳಿಯುತ್ತದೆ.

ಎರಡನೆಯದು, ಅಳತೆ ನೋಡಿ ಮಾತ್ರ ಚಿಕಿತ್ಸೆ ನಿರ್ಧಾರವಾಗುವುದಿಲ್ಲ. 12 ಸೆಂ.ಮೀ. ಸಿಸ್ಟ್ ಇಟ್ಟುಕೊಂಡು ಏನೂ ತಿಳಿಯದೆ ಆರಾಮಾಗಿರುವವರಿದ್ದಾರೆ. ಹೊಟ್ಟೆಗೆ, ವಪೆಗೆ ಒತ್ತುವ ಜಾಗದಲ್ಲಿದ್ದರೆ ಅದಕ್ಕಿಂತ ಸಣ್ಣದೂ ಕಾಟ ಕೊಡಬಹುದು. ಯುರೋಪಿನ ಲಿವರ್ ತಜ್ಞರ ಸಂಘವಾದ ಈಸಲ್ 2022ರಲ್ಲಿ ಹೊರತಂದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ತೊಂದರೆ ಕೊಡದ ಸರಳ ಸಿಸ್ಟ್‌ಗೆ ಚಿಕಿತ್ಸೆ ಬೇಡ, ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸುತ್ತಲೂ ಇರಬೇಕಾಗಿಲ್ಲ. ತೊಂದರೆ ಶುರುವಾದರೆ ಆಗ ನೋಡಿದರೆ ಸಾಕು.

ತೊಂದರೆ ಎಂದರೆ ಯಾವುದು? ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುವುದು, ಬಲ ಪಕ್ಕೆಯ ಕೆಳಗೆ ಭಾರ ಅಥವಾ ನೋವು, ಬಲ ಭುಜದಲ್ಲಿ ನೋವು, ಬಗ್ಗಿದಾಗ ಉಸಿರು ಕಟ್ಟಿದಂತಾಗುವುದು, ಹೊಟ್ಟೆ ಒಂದು ಕಡೆ ಉಬ್ಬಿರುವುದು. ಗ್ಯಾಸ್ಟ್ರಿಕ್ ಮತ್ತು ಪಿತ್ತಕೋಶದ ಕಲ್ಲಿನಿಂದಲೂ ಇಂಥವೇ ಲಕ್ಷಣಗಳು ಬರುತ್ತವೆ. ಆದ್ದರಿಂದ ‘ಸಿಸ್ಟ್ ಇದೆ, ನೋವೂ ಇದೆ, ಹಾಗಾಗಿ ನೋವು ಸಿಸ್ಟ್‌ನಿಂದಲೇ’ ಎಂದು ತೀರ್ಮಾನಿಸುವ ಮೊದಲು ಬೇರೆ ಕಾರಣಗಳನ್ನು ನೋಡಬೇಕು. ಇಲ್ಲದಿದ್ದರೆ ಸಿಸ್ಟ್ ಹೋದಮೇಲೂ ನೋವು ಉಳಿದೀತು.

ಮೊದಲು ಬಗೆ ತಿಳಿಯಬೇಕು

ಒಳ್ಳೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಇದಕ್ಕೆ ಮೊದಲ ಪರೀಕ್ಷೆ. ಸರಳ ಸಿಸ್ಟ್ ಅದರಲ್ಲಿ ಪೂರ್ತಿ ಕಪ್ಪಾಗಿ, ನುಣುಪಾದ ತೆಳು ಗೋಡೆಯೊಂದಿಗೆ ಕಾಣುತ್ತದೆ. ಒಳಗೆ ಗೋಡೆಗಳೋ, ಗಟ್ಟಿ ಭಾಗಗಳೋ ಕಂಡರೆ ಎಂಆರ್‌ಐ ಅಥವಾ ಸಿಟಿ ಬೇಕಾಗುತ್ತದೆ. ಆಗ ವೈದ್ಯರ ಮನಸ್ಸಿನಲ್ಲಿರುವ ಬೇರೆ ಸಾಧ್ಯತೆಗಳು ಇವು.

ಹೈಡಾಟಿಡ್ ಸಿಸ್ಟ್: ಇದು ನಾಯಿಯ ಕರುಳಿನಲ್ಲಿರುವ ಒಂದು ಬಗೆಯ ಲಾಡಿಹುಳುವಿನಿಂದ ಬರುತ್ತದೆ. ನಾಯಿಯ ಮಲದಲ್ಲಿ ಬಂದ ಮೊಟ್ಟೆಗಳು ಕೈ, ಸೊಪ್ಪು, ನೀರಿನ ಮೂಲಕ ನಮ್ಮ ಹೊಟ್ಟೆ ಸೇರಿದರೆ, ಮರಿಹುಳು ಲಿವರ್‌ನಲ್ಲಿ ಚೀಲ ಕಟ್ಟಿಕೊಂಡು ವರ್ಷಗಟ್ಟಲೆ ಬೆಳೆಯುತ್ತದೆ. ಕುರಿ, ಮೇಕೆ, ನಾಯಿ ಒಟ್ಟಿಗಿರುವ ಕಡೆ ಇದರ ಸಾಧ್ಯತೆ ಹೆಚ್ಚು. ‘ಮಟನ್ ತಿಂದರೆ ಹೈಡಾಟಿಡ್ ಬರುತ್ತದೆ’ ಎಂಬ ಮಾತು ತಪ್ಪು. ಸಿಸ್ಟ್ ಇರುವ ಕುರಿಯ ಲಿವರ್, ಶ್ವಾಸಕೋಶವನ್ನು ಹಸಿಯಾಗಿ ತಿನ್ನುವ ನಾಯಿಗೆ ಹುಳು ಬರುತ್ತದೆ. ಮನುಷ್ಯನಿಗೆ ಬರುವುದು ನಾಯಿಯಿಂದ. ಆದ್ದರಿಂದ ಕುರಿ ಕೊಯ್ದಾಗ ಒಳಾಂಗಗಳನ್ನು ನಾಯಿಗೆ ಎಸೆಯದಿರುವುದು, ನಾಯಿಗೆ ಕಾಲಕಾಲಕ್ಕೆ ಹುಳುವಿನ ಔಷಧ ಕೊಡಿಸುವುದು, ಕೈ ತೊಳೆಯುವುದು ಇದನ್ನು ತಡೆಯುವ ದಾರಿ.

ಮ್ಯೂಸಿನಸ್ ಸಿಸ್ಟ್: ಇದು ಅಪರೂಪ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಕಾಣುತ್ತದೆ. ದಪ್ಪ ಗೋಡೆ, ಒಳಗೆ ಅಡ್ಡಗೋಡೆಗಳು ಇರಬಹುದು. ಇದು ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವುದರಿಂದ ಪೂರ್ತಿಯಾಗಿ ತೆಗೆಯಬೇಕಾಗುತ್ತದೆ. ಸಿಎ 19-9 ಎಂಬ ಕ್ಯಾನ್ಸರ್ ಮಾರ್ಕರ್ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಿರುಪದ್ರವಿ ಸರಳ ಸಿಸ್ಟ್‌ನಲ್ಲೂ ಅದು ಏರಬಹುದು. ಆ ಒಂದು ಸಂಖ್ಯೆ ನೋಡಿ ನಿದ್ದೆಗೆಡಬೇಕಾಗಿಲ್ಲ.

ಪಾಲಿಸಿಸ್ಟಿಕ್ ಲಿವರ್: ಹತ್ತಾರು, ನೂರಾರು ಸಿಸ್ಟ್‌ಗಳು ಲಿವರ್ ತುಂಬ ಇರುವ, ಅನುವಂಶಿಕವಾಗಿ ಬರುವ ಸ್ಥಿತಿ. ಕಿಡ್ನಿಯಲ್ಲೂ ಸಿಸ್ಟ್‌ಗಳು ಇರುವುದು ಸಾಮಾನ್ಯ.

ಕೀವುಗುಳ್ಳೆ: ಇದು ಸಿಸ್ಟ್ ಅಲ್ಲ, ಸೋಂಕು. ಜ್ವರ, ಚಳಿ, ತೀವ್ರ ನೋವು ಜೊತೆಗಿರುತ್ತವೆ. ಇದಕ್ಕೆ ಬೇರೆಯೇ ಚಿಕಿತ್ಸೆ, ಅದೂ ಬೇಗ ಬೇಕು.

‘ಸೂಜಿ ಹಾಕಿ ನೀರು ತೆಗೆದರೆ ಮುಗೀತು’: ನಿಜವೇ?

ಅರ್ಧ ನಿಜ. ಸರಳ ಸಿಸ್ಟ್‌ನಿಂದ ಬರೀ ದ್ರವ ಎಳೆದರೆ ಅವತ್ತೇ ಹಗುರವಾಗುತ್ತದೆ. ಆದರೆ ದ್ರವ ಸುರಿಸುವ ಒಳಪೊರೆ ಹಾಗೆಯೇ ಇದೆ. ನಲ್ಲಿ ನಿಲ್ಲಿಸದೆ ಬಕೆಟ್ ಖಾಲಿ ಮಾಡಿದ ಹಾಗೆ ಅದು. ಬಹುತೇಕ ಎಲ್ಲರಲ್ಲೂ ಸಿಸ್ಟ್ ಮತ್ತೆ ತುಂಬಿಕೊಳ್ಳುತ್ತದೆ. ನೋವು ನಿಜಕ್ಕೂ ಸಿಸ್ಟ್‌ನಿಂದಲೇ ಬರುತ್ತಿದೆಯೇ ಎಂದು ಪರೀಕ್ಷಿಸಲು ವೈದ್ಯರು ಕೆಲವೊಮ್ಮೆ ಹೀಗೆ ಮಾಡಬಹುದು. ಅದು ಶಾಶ್ವತ ಚಿಕಿತ್ಸೆಯಲ್ಲ.

ಹೈಡಾಟಿಡ್ ಎಂದು ತಿಳಿಯದೆ, ಸಿದ್ಧತೆಯಿಲ್ಲದೆ ಸೂಜಿ ಹಾಕಿದರೆ ಇನ್ನೂ ಕಷ್ಟ. ಒಳಗಿನ ದ್ರವ ಹೊಟ್ಟೆಯೊಳಗೆ ಸೋರಿ, ಕ್ಷಣದಲ್ಲಿ ರಕ್ತದೊತ್ತಡ ಕುಸಿಯುವಂಥ ತೀವ್ರ ಅಲರ್ಜಿ ಆಗಬಹುದು. ಹುಳುವಿನ ತುಣುಕುಗಳು ಬೇರೆ ಕಡೆ ಬೇರೂರಿ ಹೊಸ ಸಿಸ್ಟ್‌ಗಳು ಹುಟ್ಟಬಹುದು. ಫಾರ್ವರ್ಡ್‌ಗಳಲ್ಲಿ ಬರುವ ‘ಸೂಜಿ ಸಾಕು’ ಎಂಬ ಸಲಹೆಯ ಅಪಾಯ ಇಲ್ಲಿದೆ.

ಹಾಗಾದರೆ ಸರಳ ಸಿಸ್ಟ್‌ನ ಒಳಪೊರೆಯನ್ನು ನಿಭಾಯಿಸುವುದು ಹೇಗೆ? ಎರಡು ದಾರಿಗಳಿವೆ.

ದಾರಿ ಒಂದು: ಸ್ಕ್ಲೆರೋಥೆರಪಿ

ಇದೂ ಸೂಜಿಯಿಂದಲೇ. ಆದರೆ ಒಂದು ಹೆಜ್ಜೆ ಮುಂದೆ. ಚರ್ಮ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ಸಣ್ಣ ಟ್ಯೂಬ್ ಒಂದನ್ನು ಸಿಸ್ಟ್‌ನೊಳಗೆ ಇಳಿಸುತ್ತಾರೆ. ದ್ರವ ಹೊರತೆಗೆಯುತ್ತಾರೆ. ಆಮೇಲೆ ಬಣ್ಣದ್ರವ ಬಿಟ್ಟು ಎಕ್ಸ್‌ರೇಯಲ್ಲಿ ನೋಡಿ, ಸಿಸ್ಟ್‌ಗೂ ಪಿತ್ತನಾಳಕ್ಕೂ ಸಂಪರ್ಕವಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ಶುದ್ಧ ಆಲ್ಕೋಹಾಲ್ ಅಥವಾ ಪಾಲಿಡೊಕನಾಲ್‌ನಂಥ ಔಷಧ ತುಂಬಿ, ಒಳಪೊರೆಯ ಎಲ್ಲ ಭಾಗಕ್ಕೂ ತಾಗುವಂತೆ ರೋಗಿಯನ್ನು ಮಗ್ಗುಲು ಬದಲಿಸುತ್ತಾರೆ. ಆಲ್ಕೋಹಾಲ್ ಆದರೆ ನಿಗದಿತ ಹೊತ್ತು ಬಿಟ್ಟು ಅದನ್ನು ವಾಪಸ್ ಎಳೆದುಬಿಡುತ್ತಾರೆ. ದ್ರವ ಸುರಿಸುವ ಜೀವಕೋಶಗಳು ಸಾಯುತ್ತವೆ, ಗೋಡೆಗಳು ಕ್ರಮೇಣ ಕುಗ್ಗುತ್ತವೆ.

“ಲಿವರ್‌ಗೆ ಆಲ್ಕೋಹಾಲ್ ಹಾಕ್ತಾರಾ?” ಎಂದು ಗಾಬರಿಯಾಗಬೇಡಿ. ಅದು ಚೀಲದೊಳಗಷ್ಟೇ ಸ್ವಲ್ಪ ಹೊತ್ತು ಇರುತ್ತದೆ. ಕುಡಿತದಿಂದ ವರ್ಷಗಟ್ಟಲೆ ಆಗುವ ಹಾನಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಪಿತ್ತನಾಳಕ್ಕೆ ಸಂಪರ್ಕವಿದ್ದರೆ ಮಾತ್ರ ಈ ಔಷಧ ನಾಳಗಳನ್ನು ಸುಟ್ಟು ಹಾಳುಮಾಡಬಲ್ಲದು. ಆ ಬಣ್ಣದ್ರವದ ಪರೀಕ್ಷೆ ಅದಕ್ಕಾಗಿಯೇ.

ಚಿಕಿತ್ಸೆ ಮಾಡಿಸಿಕೊಂಡವರು ಒಂದು ವಿಷಯ ನೆನಪಿಡಬೇಕು. ಮೊದಲ ಕೆಲವು ವಾರಗಳಲ್ಲಿ ಸಿಸ್ಟ್‌ನಲ್ಲಿ ಮತ್ತೆ ಸ್ವಲ್ಪ ದ್ರವ ಸೇರುವುದು ಸಾಮಾನ್ಯ. ಅದು ವಿಫಲವಾದ ಲಕ್ಷಣವಲ್ಲ. ಪೂರ್ತಿ ಫಲ ಕಾಣಲು ಆರು ತಿಂಗಳು ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಮೊದಲು ಹೇಳಿದ ಲೆಕ್ಕವನ್ನು ಇಲ್ಲಿಗೂ ಹಾಕಿ ನೋಡಿ. 12 ಸೆಂ.ಮೀ. ಇದ್ದದ್ದು 6 ಸೆಂ.ಮೀ. ಆದರೆ ‘ಇನ್ನೂ ಅರ್ಧ ಉಳಿದಿದೆ’ ಅನಿಸುತ್ತದೆ. ದ್ರವದ ಲೆಕ್ಕದಲ್ಲಿ ಸುಮಾರು 900 ಮಿ.ಲೀ. ಇದ್ದದ್ದು 113 ಮಿ.ಲೀ.ಗೆ ಇಳಿದಿದೆ. ಎಂಟರಲ್ಲಿ ಏಳು ಪಾಲು ಹೋಗಿದೆ. ಊಟ ಸೇರುತ್ತಿದೆ, ನೋವಿಲ್ಲ ಎಂದರೆ ಚಿಕಿತ್ಸೆ ಗೆದ್ದಂತೆ. ಸ್ಕ್ಯಾನ್‌ನಲ್ಲಿ ಸಿಸ್ಟ್ ಪೂರ್ತಿ ಮಾಯವಾಗಬೇಕೆಂದಿಲ್ಲ.

ದಾರಿ ಎರಡು: ಲ್ಯಾಪರೊಸ್ಕೋಪಿಯಲ್ಲಿ ‘ಸೂರು’ ತೆಗೆಯುವುದು

ದೊಡ್ಡ ಸಿಸ್ಟ್ ಸಾಮಾನ್ಯವಾಗಿ ಲಿವರ್‌ನ ಮೇಲ್ಮೈಯಿಂದ ಗುಮ್ಮಟದಂತೆ ಉಬ್ಬಿರುತ್ತದೆ. ಆ ಗುಮ್ಮಟದ ಸೂರನ್ನು ಅಗಲವಾಗಿ ಕತ್ತರಿಸಿ ತೆಗೆದುಬಿಟ್ಟರೆ, ಉಳಿದ ತಳ ತೆರೆದ ಬಟ್ಟಲಿನಂತಾಗುತ್ತದೆ. ಅದು ಸುರಿಸುವ ಅಲ್ಪಸ್ವಲ್ಪ ದ್ರವವನ್ನು ಹೊಟ್ಟೆಯ ಒಳಪೊರೆ ಹೀರಿಕೊಳ್ಳುತ್ತದೆ. ಇಡೀ ಸಿಸ್ಟನ್ನು ಲಿವರ್‌ನಿಂದ ಕಿತ್ತು ತೆಗೆಯುವ ಅಗತ್ಯವಿಲ್ಲ. ಹಾಗೆ ಕೀಳಲು ಹೋದರೆ ರಕ್ತನಾಳಗಳಿಗೆ ಪೆಟ್ಟಾಗುವ ಅಪಾಯವೇ ಹೆಚ್ಚು.

ಈ ಉಪಾಯ ಹೊಸದಲ್ಲ. ತೈವಾನಿನ ಶಸ್ತ್ರವೈದ್ಯ ಲಿನ್ ಮತ್ತು ಸಂಗಡಿಗರು 1968ರಲ್ಲೇ ಹೊಟ್ಟೆ ತೆರೆದು ಸಿಸ್ಟ್‌ಗಳಿಗೆ ಹೀಗೆ ಕಿಂಡಿ ಮಾಡುವ ವಿಧಾನವನ್ನು ವಿವರಿಸಿದ್ದರು. 1991ರಲ್ಲಿ ಇದನ್ನು ಲ್ಯಾಪರೊಸ್ಕೋಪಿಯಲ್ಲಿ ಮಾಡಿದ ವರದಿಗಳು ಬಂದವು. ಈಗ ಮೂರ್ನಾಲ್ಕು ಸಣ್ಣ ರಂಧ್ರಗಳ ಮೂಲಕ, ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಹೊಟ್ಟೆ ಉಬ್ಬಿಸಿ, ಕ್ಯಾಮೆರಾ ನೋಡುತ್ತಾ ಮಾಡುತ್ತಾರೆ. ಪೂರ್ಣ ಅರಿವಳಿಕೆ ಬೇಕು. ತೊಡಕಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮನೆಗೆ ಹೋಗಬಹುದು. ಕತ್ತರಿಸಿದ ಸೂರನ್ನು ಬಯಾಪ್ಸಿಗೆ ಕಳಿಸಲು ಸಿಗುವುದು ಇದರ ದೊಡ್ಡ ಲಾಭ. ಸ್ಕ್ಯಾನ್ ಕಣ್ಣಿಗೆ ಬೀಳದ ಮ್ಯೂಸಿನಸ್ ಸಿಸ್ಟ್ ಇದ್ದರೆ ಆಗ ಗೊತ್ತಾಗುತ್ತದೆ.

ಮಿತಿಗಳೂ ಇವೆ. ಲಿವರ್‌ನ ಹಿಂಬದಿಯಲ್ಲಿ, ವಪೆಯ ಕೆಳಗೆ ಅಡಗಿರುವ ಅಥವಾ ಲಿವರ್‌ನೊಳಗೆ ಆಳದಲ್ಲಿರುವ ಸಿಸ್ಟ್‌ಗೆ ಸೂರು ತೆಗೆಯುವುದು ಕಷ್ಟ. ಸೂರು ಸಾಕಷ್ಟು ಅಗಲವಾಗಿ ತೆಗೆಯದಿದ್ದರೆ ಬಾಯಿ ಮತ್ತೆ ಮುಚ್ಚಿಕೊಂಡು ಸಿಸ್ಟ್ ಮರುಕಳಿಸಬಹುದು. ಗೋಡೆಯಲ್ಲಿ ಹಾದುಹೋಗುವ ಪಿತ್ತನಾಳ ಕತ್ತರಿಸಿಹೋದರೆ ಪಿತ್ತರಸ ಸೋರಬಹುದು. ಇದನ್ನು ತಪ್ಪಿಸಲು ಕೆಲವು ಕಡೆ ಪಿತ್ತನಾಳಗಳು ಹೊಳೆಯುವಂತೆ ಮಾಡುವ ಹಸಿರು ಬಣ್ಣದ ಔಷಧವನ್ನು ಮೊದಲೇ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡುತ್ತಾರೆ.

ಎರಡರಲ್ಲಿ ಯಾವುದು ಮೇಲು?

ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಈಸಲ್ ಮಾರ್ಗಸೂಚಿಯೂ ತೊಂದರೆ ಕೊಡುವ ಸರಳ ಸಿಸ್ಟ್‌ಗೆ, ಸಿಸ್ಟನ್ನು ಕುಗ್ಗಿಸುವ ವಿಧಾನಗಳಲ್ಲಿ ಆ ಊರಿನಲ್ಲಿ ಚೆನ್ನಾಗಿ ಸಿಗುವುದನ್ನು ಆರಿಸಿಕೊಳ್ಳಿ ಎಂದೇ ಹೇಳುತ್ತದೆ. ವಯಸ್ಸಾಗಿದೆ, ಹೃದಯದ ತೊಂದರೆಯಿದೆ, ಪೂರ್ಣ ಅರಿವಳಿಕೆ ಬೇಡ ಎನ್ನುವವರಿಗೆ, ಒಂದೇ ಸಿಸ್ಟ್ ಆಳದಲ್ಲಿರುವವರಿಗೆ ಸ್ಕ್ಲೆರೋಥೆರಪಿ ಹೊಂದುತ್ತದೆ. ಸಿಸ್ಟ್ ಮೇಲ್ಮೈಯಲ್ಲಿ ಉಬ್ಬಿದೆ, ಅಕ್ಕಪಕ್ಕ ಹಲವು ಸಿಸ್ಟ್‌ಗಳಿವೆ, ಗೋಡೆಯ ಬಗ್ಗೆ ಸ್ವಲ್ಪ ಅನುಮಾನವಿದೆ ಎಂದರೆ ಲ್ಯಾಪರೊಸ್ಕೋಪಿಯತ್ತ ವಾಲುತ್ತಾರೆ.

ಒಂದು ವ್ಯಾವಹಾರಿಕ ಸಂಗತಿಯೂ ಇದೆ. ಸ್ಕ್ಲೆರೋಥೆರಪಿ ಮಾಡುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಲ್ಯಾಪರೊಸ್ಕೋಪಿ ಮಾಡುವವರು ಸರ್ಜನ್. ನೀವು ಮೊದಲು ಯಾರ ಬಾಗಿಲಿಗೆ ಹೋಗುತ್ತೀರೋ ಅವರ ಕೈಯಲ್ಲಿರುವ ವಿಧಾನವೇ ಮೊದಲು ಕಿವಿಗೆ ಬೀಳುವುದು ಸಹಜ. ಇನ್ನೊಂದರ ಬಗ್ಗೆಯೂ ಕೇಳುವುದರಲ್ಲಿ ತಪ್ಪೇನಿಲ್ಲ.

ಸರಳವಲ್ಲದ ಸಿಸ್ಟ್‌ಗಳಿಗೆ

ಹೈಡಾಟಿಡ್‌ಗೂ ಹೊಟ್ಟೆ ಕೊಯ್ಯದ ಚಿಕಿತ್ಸೆ ಇದೆ. ಟ್ಯುನೀಷಿಯಾದ ವೈದ್ಯರು 1986ರಲ್ಲಿ ಮುಂದಿಟ್ಟ ‘ಪೇರ್’ ವಿಧಾನದಲ್ಲಿ ಸೂಜಿ ಚುಚ್ಚಿ, ದ್ರವ ಎಳೆದು, ಹುಳು ಸಾಯುವಂತೆ ಗಾಢ ಉಪ್ಪುನೀರು ಅಥವಾ ಆಲ್ಕೋಹಾಲ್ ಬಿಟ್ಟು, ಮತ್ತೆ ಎಳೆಯುತ್ತಾರೆ. ಆದರೆ ಮೊದಲೂ ಆಮೇಲೂ ಅಲ್ಬೆಂಡಜೋಲ್ ಮಾತ್ರೆಯ ರಕ್ಷಣೆ ಇರಬೇಕು, ಅಲರ್ಜಿ ಆದರೆ ತಕ್ಷಣ ನಿಭಾಯಿಸುವ ತಂಡ ಪಕ್ಕದಲ್ಲಿರಬೇಕು. ಹೈಡಾಟಿಡ್ ಸಿಸ್ಟ್‌ನ ಎಲ್ಲ ಹಂತಗಳಿಗೂ ಇದು ಹೊಂದುವುದಿಲ್ಲ. ಕೆಲವು ಹಂತಗಳಿಗೆ ಮಾತ್ರೆ ಸಾಕು, ಕೆಲವಕ್ಕೆ ಆಪರೇಷನ್ ಬೇಕು, ಪೂರ್ತಿ ಸತ್ತು ಗಟ್ಟಿಯಾದದ್ದನ್ನು ಸುಮ್ಮನೆ ಗಮನಿಸುತ್ತಾರೆ.

ಪಾಲಿಸಿಸ್ಟಿಕ್ ಲಿವರ್ ಇರುವ ಹೆಂಗಸರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಅಥವಾ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಈಸ್ಟ್ರೋಜೆನ್ ಸಿಸ್ಟ್‌ಗಳನ್ನು ಬೆಳೆಸುತ್ತದೆ. ಈ ಒಂದು ಮಾಹಿತಿ ಫಾರ್ವರ್ಡ್‌ಗಳಲ್ಲಿ ಬರುವ ನೂರು ಪಥ್ಯಗಳಿಗಿಂತ ಉಪಯುಕ್ತ.

ಕಷಾಯದಿಂದ ಕರಗುತ್ತದೆಯೇ?

ಇಲ್ಲ. ಸಿಸ್ಟ್ ಕೊಳೆಯೂ ಅಲ್ಲ, ಕೊಬ್ಬೂ ಅಲ್ಲ, ‘ಡಿಟಾಕ್ಸ್’ ಮಾಡಿ ತೊಳೆಯಲು. ನೆಲನೆಲ್ಲಿ, ಪಪ್ಪಾಯಿ ಎಲೆ, ಬೂದುಗುಂಬಳ, ನಿಂಬೆರಸ ಯಾವುದೂ ಆ ಚೀಲದ ಒಳಪೊರೆಯನ್ನು ನಿಲ್ಲಿಸುವುದಿಲ್ಲ. “ನಮ್ಮ ಅತ್ತೆಗೆ ಕಡಿಮೆಯಾಯ್ತು” ಎಂಬ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಒಬ್ಬರು ಅಳೆದ 6 ಸೆಂ.ಮೀ. ಇನ್ನೊಬ್ಬರ ಅಳತೆಯಲ್ಲಿ 5.5 ಆಗುವುದುಂಟು. ಅಪರೂಪಕ್ಕೆ ಸಿಸ್ಟ್ ತಾನಾಗಿಯೇ ಕುಗ್ಗುವುದೂ ಉಂಟು. ಕಷಾಯ ಕುಡಿಯುತ್ತಿದ್ದಾಗಲೇ ಅದು ನಡೆದರೆ ಹೆಸರು ಕಷಾಯಕ್ಕೆ ಹೋಗುತ್ತದೆ.

‘ಗಿಡಮೂಲಿಕೆ, ತೊಂದರೆಯೇನಿಲ್ಲ’ ಎನ್ನುವಂತೆಯೂ ಇಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಹಾನಿಯಾದದ್ದನ್ನು ಭಾರತದ ವೈದ್ಯರೇ ವರದಿ ಮಾಡಿದ್ದಾರೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಲಿವರ್‌ಗೆ, ಅದಕ್ಕೆ ತೊಂದರೆಯೇ ಕೊಡದ ಸಿಸ್ಟ್‌ನ ಹೆಸರಿನಲ್ಲಿ, ತಿಂಗಳುಗಟ್ಟಲೆ ಏನೇನೋ ಕುಡಿಸುವುದು ಇಲ್ಲದ ರೋಗ ತಂದುಕೊಂಡಂತೆ.

ವೈದ್ಯರನ್ನು ಕೇಳಬೇಕಾದ ಆರು ಪ್ರಶ್ನೆಗಳು

1. ಇದು ಸರಳ ಸಿಸ್ಟ್ ಎಂಬುದು ಖಚಿತವೇ? ಗೋಡೆ ತೆಳುವಾಗಿದೆಯೇ, ಒಳಗೆ ಅಡ್ಡಗೋಡೆ ಇದೆಯೇ?
2. ಹೈಡಾಟಿಡ್ ಅಲ್ಲ ಎಂದು ನೋಡಿದ್ದೀರಾ? ಅದಕ್ಕೆ ರಕ್ತಪರೀಕ್ಷೆ ಬೇಕೇ?
3. ನನ್ನ ತೊಂದರೆ ಸಿಸ್ಟ್‌ನಿಂದಲೇ ಎಂದು ಹೇಗೆ ಗೊತ್ತು?
4. ಈಗ ಏನೂ ಮಾಡದಿದ್ದರೆ ಏನಾಗಬಹುದು?
5. ಸ್ಕ್ಲೆರೋಥೆರಪಿ, ಲ್ಯಾಪರೊಸ್ಕೋಪಿ ಎರಡರಲ್ಲಿ ನನಗೆ ಯಾವುದು ಹೊಂದುತ್ತದೆ, ಏಕೆ?
6. ಮರುಕಳಿಸಿದರೆ ಮುಂದೇನು?

ಕೊನೆಗೆ, ಕಾಯಬಾರದ ಸಂದರ್ಭಗಳು. ಸಿಸ್ಟ್ ಇರುವವರಿಗೆ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ಒಳಗೆ ರಕ್ತಸ್ರಾವ ಆಗಿರಬಹುದು ಅಥವಾ ಸಿಸ್ಟ್ ಒಡೆದಿರಬಹುದು. ಚಳಿಜ್ವರ ಬಂದರೆ ಸೋಂಕು ಆಗಿರಬಹುದು. ಕಣ್ಣು ಹಳದಿಯಾದರೆ ಪಿತ್ತನಾಳ ಒತ್ತಿಹೋಗಿರಬಹುದು. ಇವು ಅಪರೂಪ. ಆದರೂ ಇಂಥ ಹೊತ್ತಿನಲ್ಲಿ ಗ್ರೂಪಿನಲ್ಲಿ ಸಲಹೆ ಕೇಳುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಉಳಿದವರಿಗೆ ಅವಸರವಿಲ್ಲ. ಸರಳ ಸಿಸ್ಟ್ ಬೆಳೆಯಲು ವರ್ಷಗಳನ್ನು ತೆಗೆದುಕೊಂಡಿದೆ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು ನಿಮಗೂ ಸಮಯವಿದೆ. ಯಾರಾದರೂ ಸಿಸ್ಟ್ ರಿಪೋರ್ಟ್ ಗ್ರೂಪಿಗೆ ಹಾಕಿದರೆ ಕಷಾಯದ ವಿಡಿಯೊ ಬದಲು ಈ ಆರು ಪ್ರಶ್ನೆಗಳನ್ನು ಕಳಿಸಿ.